ದುರುಗವ್ವನ ನಾತದ ಹೂವು

೧೯೯೯ರಲ್ಲಿ ನಾನು ಗುಡೇಕೋಟೆ ಹತ್ತಿರದ ಒಂದು ಖಾಸಗಿ ನರ್ಸರಿಯಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾಗಿದ್ದೆ. ಓದಿದ್ದು ಐದನೇ ಕ್ಲಾಸು. ಚೀಲಕ್ಕೆ ಮಣ್ಣು ತುಂಬಿಸುವುದು, ಸಸಿಗೆ ನೀರು ಹಾಕಿಸುವುದು, ಅಂಗಳ ಚೊಕ್ಕಟವಾಗಿ ಇಡಿಸುವುದು ನನ್ನ ಕೆಲಸ. ನನ್ನ ತಂಗಿ ದುರುಗವ್ವ ನನ್ನ ಕೈಕೆಳಗೇ ದಿನಗೂಲಿಗೆ ಬರುತ್ತಿದ್ದಳು.

ಆ ವರ್ಷ ಹಡಗಲಿ ಕಡೆಯ ಕಾಲೇಜು ಮೇಷ್ಟ್ರೊಬ್ಬರು ಗುಡ್ಡದಲ್ಲಿ ಗಿಡ ಹುಡುಕುತ್ತಾ ಬಂದರು. ಬಂಡೆಯ ಸಂದಿಯಲ್ಲಿ ಬೆಳೆಯುವ, ಎಲೆಯಿಲ್ಲದ, ನಾಲ್ಕು ಮೂಲೆಯ ದಂಟಿನ ಕ್ಯಾರಲುಮ ಎಂಬ ಗಿಡ ಅವರಿಗೆ ಬೇಕಿತ್ತು. ದುರುಗವ್ವ ಐದು ಗಿಡ ತಂದು ನರ್ಸರಿಯ ಮೂಲೆಯಲ್ಲಿ ನೆಟ್ಟಳು. ಅವು ಕಾಯಿ ಕಟ್ಟಿ ಬೀಜ ಕೊಟ್ಟರೆ ಕಾಲೇಜಿನ ತೋಟಕ್ಕೆ ಅವಳನ್ನೇ ತಿಂಗಳ ಸಂಬಳದ ಮೇಲೆ ಸೇರಿಸುವುದಾಗಿ ಮೇಷ್ಟ್ರು ಮಾತು ಕೊಟ್ಟರು. ನರ್ಸರಿ ಕೆಲಸವಿಲ್ಲದ ತಿಂಗಳಲ್ಲಿ ಜಲ್ಲಿ ಒಡೆಯುತ್ತಿದ್ದವಳಿಗೆ ಅದೊಂದೇ ಆಸೆ.

ಮಳೆಗಾಲ ಮುಗಿಯುವಾಗ ದಂಟಿನ ತುದಿಗೆ ಒಣಗಿದ ರಕ್ತದ ಬಣ್ಣದ ಹೂಗೊಂಚಲು ಬಂತು. ಜೊತೆಗೆ ನಾತ. ಇಲಿ ಸತ್ತು ಮೂರು ದಿನ ಕೊಳೆತಂಥ ನಾತ. ಬುತ್ತಿ ಬಿಚ್ಚಿದರೆ ರೊಟ್ಟಿಗೂ ಅದೇ ವಾಸನೆ. ಹಸಿರು ನೊಣಗಳು ಮುತ್ತಿ ಹೂವಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಅದರಿಂದ ಹೊರಟ ಹುಳುಗಳು ತಿನ್ನಲು ಮಾಂಸವಿಲ್ಲದೆ ಅಲ್ಲೇ ಸಾಯುತ್ತಿದ್ದವು. ನಾನು ಮೂಗಿಗೆ ಸೆರಗು ಹಿಡಿದೇ ಆ ಮೂಲೆ ದಾಟುತ್ತಿದ್ದೆ.

“ದುರುಗಿ, ಮೂಲ್ಯಾಗ ಇಲಿ ಸತ್ತೈತೋ, ನಿಮ್ಮತ್ತಿ ಸತ್ತಾಳೋ?” ಎಂದು ಹೆಣ್ಣಾಳುಗಳು ಕೆಣಕಿದರೆ ಅವಳೂ ನಗುತ್ತಿದ್ದಳು.

ಮೇಷ್ಟ್ರು ಹೇಳಿದ್ದನ್ನು ಅವಳು ನನಗೂ ಬಿಡಿಸಿ ಹೇಳಿದ್ದಳು. ಹೂವು ಕೊಳೆತ ಮಾಂಸದ ವೇಷ ಹಾಕಿ ನೊಣವನ್ನು ಕರೆಯುತ್ತದೆ. ನೊಣದ ಕಾಲು ಹೂವಿನ ಸೀಳಿನಲ್ಲಿ ಸಿಕ್ಕಿ, ಪರಾಗದ ಪುಟ್ಟ ಗಂಟು ಅದಕ್ಕೆ ಅಂಟಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಬೇರೆ ದೇಶದಲ್ಲಿ ಹೆಣ್ಣು ದುಂಬಿಯಂತೆ ಕಂಡು ಗಂಡು ದುಂಬಿಯನ್ನು ಮರುಳು ಮಾಡುವ ಆರ್ಕಿಡ್ ಹೂಗಳೂ ಇವೆಯಂತೆ. ಕೇಳಿ ನನಗೆ ಹೇಸಿಗೆ ಇನ್ನಷ್ಟು ಹೆಚ್ಚಿತು.

“ನಾತಕ್ಕ ಬೈಬ್ಯಾಡ ಯಕ್ಕಾ. ನೊಣ ಬಂದ್ರ ಕಾಯಿ, ಕಾಯಿ ಆದ್ರ ನನಗ ಕೆಲಸ,” ಎಂದಿದ್ದಳು.

ಒಂದು ದಿನ ಹರಪನಹಳ್ಳಿಯಿಂದ ಸಸಿ ಕೊಳ್ಳುವವರು ಬರುವುದಿತ್ತು. ಅಂಥ ದಿನ ಅಂಗಳ ಗುಡಿಸಿ ಸುತ್ತಲೂ ಹುಳ ಸಾಯಿಸುವ ಬಿಳಿ ಪುಡಿ ಉದುರಿಸುವುದು ನಮ್ಮಲ್ಲಿ ರೂಢಿ. ಆ ಮೂಲೆಯೊಂದನ್ನು ಬಿಡು ಎಂದು ದುರುಗವ್ವ ಕೇಳಿಕೊಂಡಿದ್ದಳು. ಅವಳು ಬರುವ ಮೊದಲೇ ನಾನು ಎರಡು ಬೊಗಸೆ ಪುಡಿಯನ್ನು ಹೂವಿನ ಮೇಲೂ ಎರಚಿ, ಬಿಳಿ ಕಾಣದಂತೆ ನೀರು ಚಿಮುಕಿಸಿದೆ. ಗಿಡವನ್ನೇನೂ ಕೀಳಲಿಲ್ಲವಲ್ಲ ಎಂದುಕೊಂಡೆ. ಹೂವು ಇರುವ ತನಕ ವಾರಕ್ಕೆರಡು ಸಲ ಹಾಗೇ ಮಾಡಿ, ಸತ್ತ ನೊಣಗಳನ್ನು ಗುಡಿಸಿ ಹಾಕಿದೆ. ನೊಣ ಯಾಕೆ ಬರುತ್ತಿಲ್ಲ ಎಂದು ಅವಳು ಕೇಳಿದಾಗ, ಚಳಿ ಬಿತ್ತಲ್ಲ ಎಂದೆ.

ಹೂವೆಲ್ಲ ಉದುರಿತು. ಒಂದು ಕಾಯಿಯೂ ನಿಲ್ಲಲಿಲ್ಲ. ಮೇಷ್ಟ್ರು ಬಂದು ದಂಟುಗಳನ್ನು ತಿರುವಿ ನೋಡಿ, ಈ ಮಣ್ಣು ಒಗ್ಗಲಿಲ್ಲವೆಂದು ಹೇಳಿ ಹೋದರು.

“ನನ್ನ ಕೈಗುಣನ ಸರಿ ಇಲ್ಲ ಬಿಡು ಯಕ್ಕಾ,” ಎಂದು ದುರುಗವ್ವ ಗಿಡಗಳನ್ನು ಕಿತ್ತು ಬೇಲಿಯಾಚೆ ಎಸೆದಳು. ನಾನು ಆ ಮೂಲೆಯನ್ನು ಗುಡಿಸಿದೆ. ಅವಳು ನರ್ಸರಿಯನ್ನೇ ಬಿಟ್ಟು ಪೂರ್ತಿ ಜಲ್ಲಿ ಕೆಲಸಕ್ಕೆ ಹೋದಳು.

ಆಮೇಲೆ ಒಂಬತ್ತು ವರ್ಷ ನಾನು ಅಲ್ಲೇ ಇದ್ದೆ. ಯಾವ ಹೂವಿಗೆ ಯಾವ ಹುಳು ಕೂರುತ್ತದೆ ಎಂದು ನೋಡದೆ ಪುಡಿ ಹಾಕಬಾರದು ಎಂಬುದನ್ನೇ ಹೊಸ ಆಳುಗಳಿಗೆ ಮೊದಲು ಕಲಿಸಿದೆ. ಹೂವಿನ ನಾತ ಮರೆತುಹೋಗಿದೆ. ಈಗ ಹೇಸಿಗೆಯೆಲ್ಲ ನನ್ನ ಮೇಲೆಯೇ. ಇದನ್ನು ದುರುಗವ್ವನಿಗೆ ಇನ್ನೂ ಹೇಳಿಲ್ಲ. ಹಿತ್ತಲಲ್ಲಿ ಹೀರೆ ಬೀಜ ಹಾಕುವಾಗ ಅವಳು ಇವತ್ತಿಗೂ ನನ್ನನ್ನು ಕರೆಸುತ್ತಾಳೆ. ತನ್ನ ಕೈಯಿಂದ ಏನೂ ಹತ್ತುವುದಿಲ್ಲವಂತೆ, ನನ್ನ ಕೈ ಒಳ್ಳೆಯದಂತೆ. ನಾನು ಹೋಗಿ ಹಾಕಿ ಬರುತ್ತೇನೆ.