ಗಂಡನ ಹೆಸರಿನ ಖಾನೆ

ದಾಸನಕೊಪ್ಪದ ಶಾಲೆಗೆ ನಾನು ಅಕ್ಕೋರಾಗಿ ಹೋದಾಗ ನನಗೆ ಇಪ್ಪತ್ತೆರಡು ತುಂಬಿತ್ತು. ಗರ್ವ ಅದಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿತ್ತು. ಸೋಂದಾ ಕಡೆಯ ನನ್ನ ‘ಎಂತ’, ‘ಇಲ್ಲೆ’ ಕೇಳಿ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಅರವತ್ತೆರಡರ ಚುನಾವಣೆಗೆ ಮೊದಲು ಮತದಾರರ ಪಟ್ಟಿ ತಿದ್ದುವ ಕೆಲಸ ಮಾಸ್ತರರ ತಲೆಗೆ ಬಂತು. ಹೆಂಗಸರನ್ನು ಕೇಳಲು ಹೆಂಗಸೇ ಇರಲಿ ಎಂದು ನನ್ನ ಕೈಗೂ ಒಂದು ಕಟ್ಟು ಹಾಳೆ ಕೊಟ್ಟರು.

ಕಟ್ಟೆಯ ಮೇಲೆ ಕೂತ ಗಂಡಸರು ತಮ್ಮ ಹೆಸರು, ಅಪ್ಪನ ಹೆಸರು, ಬಿಟ್ಟರೆ ಎತ್ತಿನ ಹೆಸರೂ ಬರೆಸುತ್ತಿದ್ದರು. ಒಳಗಿನವರ ಹೆಸರು ಕೇಳಿದರೆ ಮಾತ್ರ, “ನಮ್ಮ ಮನ್ಯಾಕಿ ಅಂತ ಬರ್ಕೊಳ್ರಿ” ಎನ್ನುವರು. ಹಾಗೆಲ್ಲ ನಡೆಯುವುದಿಲ್ಲ, ಅವರದೇ ಹೆಸರು ಬೇಕು ಎಂದು ಹಟ ಹಿಡಿದು ನಾನು ಅಡುಗೆಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ.

ಒಬ್ಬಳು ಮಾತ್ರ ತಾನಾಗಿ ಶಾಲೆಗೆ ಬಂದಳು. ಊರಿನ ಸೂಲಗಿತ್ತಿ ಅಜ್ಜಿ. ನನ್ನ ತರಗತಿಯ ಅರ್ಧ ಮಕ್ಕಳು ಮೊದಲು ಅತ್ತದ್ದೇ ಅವಳ ಕೈಯಲ್ಲಿ. ಹಿಂದಿನ ಚುನಾವಣೆಯಲ್ಲಿ ಅದುವರೆಗೆ ಮಡಿಕೆ ಬಿಚ್ಚದ ಸೀರೆ ಉಟ್ಟು ಸಾಲಿನಲ್ಲಿ ನಿಂತಿದ್ದಳಂತೆ. ಪಟ್ಟಿ ಮಾಡಿದವರು ಅವಳನ್ನು ‘ಇಂಥವನ ಹೆಂಡತಿ’ ಎಂದಷ್ಟೇ ಬರೆದು, ಆಮೇಲೆ ಅದು ಹೆಸರೇ ಅಲ್ಲವೆಂದು ಹೊಡೆದುಹಾಕಿದ್ದರು. ಊರವರೆಲ್ಲ ನೋಡುತ್ತಿರುವಾಗ ಅವಳು ಹಾಗೇ ಮನೆಗೆ ಹೋಗಬೇಕಾಯಿತು.

“ಈ ಸಲ ಸರಿಯಾಗಿ ಬರ್ಕೊಳ್ರಿ ಅಕ್ಕೋರ. ಇನ್ನೊಮ್ಮೆ ತಿರುಗಿ ಬಂದ್ರ ನಾ ಓಣ್ಯಾಗ ಮುಖಾ ಎತ್ತಂಗಿಲ್ಲ” ಎಂದು ತನ್ನ ಹೆಸರನ್ನು ಎರಡು ಸಲ ಹೇಳಿದಳು.

ಬರೆದುಕೊಂಡೆ. ಮುಂದಿನ ಖಾನೆ ಗಂಡನ ಹೆಸರು. ಕೇಳಿದ್ದೇ ತಡ, ಬಾಯಿಗೆ ಸೆರಗು ಬಂತು.

“ಅವರ ಹೆಸರು ಹೆಂಗ ಹೇಳ್ಲಿರಿ?”

ಅವನು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆದರೂ ನಾನು ಒತ್ತಾಯ ಮಾಡಲಿಲ್ಲ. ನನ್ನ ಆಯಿ ಇವತ್ತಿಗೂ ಅಪ್ಪಯ್ಯನ ಹೆಸರು ಹೇಳಿದವಳಲ್ಲ. ಪಕ್ಕದ ಮನೆಯವರನ್ನು ಕೇಳಿ ಖಾನೆ ತುಂಬಿಸಿದೆ. ಎಲ್ಲ ಹೆಂಗಸರಿಗೂ ಹಾಗೇ ಮಾಡಿದ್ದೆ. ಮತದಾನದ ದಿನ ಅಧಿಕಾರಿ ಅದನ್ನು ಅವರ ಬಾಯಿಂದಲೇ ಹೇಳಿಸಬಹುದು ಎಂಬುದು ಈ ಜಾಣೆಯ ತಲೆಗೆ ಹೊಳೆಯಲೇ ಇಲ್ಲ.

ಮತದಾನ ನಮ್ಮ ಶಾಲೆಯಲ್ಲೇ ಇತ್ತು. ಹೆಂಗಸರ ಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನದು. ಅಜ್ಜಿ ಅದೇ ಸೀರೆ ಉಟ್ಟು ಬಂದು ಗಟ್ಟಿಯಾಗಿ ತನ್ನ ಹೆಸರು ಹೇಳಿದಳು. ಪಟ್ಟಿ ಹಿಡಿದಿದ್ದ ಅಧಿಕಾರಿ ದೂರದ ಊರಿನವರು. ಅವರು ಹಾಳೆ ಮಗುಚಿ, “ಈ ಹೆಸರಿನವರು ಇಬ್ಬರಿದ್ದಾರೆ. ಗಂಡನ ಹೆಸರು ಹೇಳಿ” ಎಂದರು.

ಅಜ್ಜಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಕೈ ಅಡ್ಡ ಹಿಡಿದರು. “ನೀವು ಹೇಳುವ ಹಾಗಿಲ್ಲ. ಅವರೇ ಹೇಳಬೇಕು.”

ಗೋಡೆಯ ಬದಿ ಕೂತಿದ್ದ ಪಕ್ಷದವನೊಬ್ಬ, “ಅಜ್ಜಿ ಈ ಸಲಾನೂ ವಾಪಸ್ಸು” ಎಂದು ನಕ್ಕ. ಅವನೂ ಅವಳ ಕೈಯಲ್ಲೇ ಹುಟ್ಟಿದವನು. ಅವನ ಮೇಲೆ ಉರಿದುಹೋದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಆ ಸೀಮೆಯಲ್ಲಿ ಹೆಂಗಸು ಗಂಡನ ಹೆಸರು ಹೇಳಲು ಒಂದೇ ದಾರಿ ಇತ್ತು, ಒಡಪು. ಮದುವೆಯಲ್ಲಿ, ಸೀಮಂತದಲ್ಲಿ ಹೊಸ್ತಿಲಿಗೆ ಅಡ್ಡ ನಿಂತವರು ಹೆಸರು ಹೇಳು ಎಂದು ಕಾಡುತ್ತಾರೆ. ಅವಳು ಪ್ರಾಸದ ಎರಡು ಸಾಲು ಕಟ್ಟಿ ಅದರ ಕೊನೆಗೆ ಹೆಸರು ಸೇರಿಸಿ ಒಳಗೆ ಬರುತ್ತಾಳೆ. ಆದರೆ ಗಂಡ ಸತ್ತವಳನ್ನು ಒಡಪು ಹೇಳು ಎಂದು ಯಾರೂ ಕರೆಯುವುದಿಲ್ಲ. ಅವಳು ಹಿಂದೆ ಸರಿದು ನಿಲ್ಲಬೇಕು.

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ ನಿಂತಳು. ಹೊರಟೇಬಿಡುತ್ತಾಳೆ ಅಂದುಕೊಂಡೆ. ಆಗ ಸಣ್ಣ ದನಿಯಲ್ಲಿ ಶುರುಮಾಡಿದಳು:

“ಬಿತ್ತಾಕ ಹದ ಬೇಕು, ಬೆಳ್ಯಾಕ ಬಿಸಲ ಬೇಕು,
ಓಟಿನ ಮನಿ ಹೊಸ್ತಿಲಾಗ ನಮ್ಮವರ ಹೆಸರ ಬೇಕು…”

ಆಮೇಲೆ ಅವನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳು ಹೇಳಬೇಕಾದ್ದು. ಅಧಿಕಾರಿಗೆ ಹಾಡು ತಿಳಿಯಿತೋ ಇಲ್ಲವೋ, ಹೆಸರು ಸಿಕ್ಕಿತು, ಗೆರೆ ಎಳೆದರು. ನಾನು ಬೆರಳು ಹಿಡಿದೆ. ಗಡಿಬಿಡಿಯಲ್ಲಿ ಕಡ್ಡಿಯನ್ನು ಹೆಚ್ಚೇ ಅದ್ದಿಬಿಟ್ಟಿದ್ದೆ, ಶಾಯಿ ಉಗುರು ದಾಟಿ ಅಂಗೈತನಕ ಹರಿಯಿತು.

ಮಧ್ಯಾಹ್ನ ಊಟಕ್ಕೆ ಎದ್ದಾಗ ಅವಳಿನ್ನೂ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು.

“ಇದು ಮತ್ತ ಯಾವಾಗ ಬರತೈತ್ರಿ ಅಕ್ಕೋರ?”

“ಐದು ವರ್ಷಕ್ಕೆ, ಅಜ್ಜಿ.”

ಶಾಯಿಯಾದ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಅವರ ಹೆಸರು ಹೇಳು ಅಂತ ಇಪ್ಪತ್ತು ವರ್ಷದಾಗ ಯಾರೂ ಕೇಳಿದ್ದಿಲ್ರಿ” ಎಂದಳು. “ಇರತೇನಿ ಬಿಡ್ರಿ, ಐದು ವರ್ಷ.”