ಆರನೇ ಇನಿಂಗ್ಸಿನ ಮೌನ

ವಿಲ್ಮಾ ಡೂಡೆಕ್ ಒಹಾಯೋದ ಟೊಲೀಡೊದಲ್ಲಿ ನಮ್ಮ ಬೀದಿಯವರು. ಪಾರ್ಶ್ವವಾಯು ರೋಗಿಗಳ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿ ನಿವೃತ್ತರಾದವರು. ಹೊಸ ನರ್ಸ್‌ಗಳನ್ನು ಎದುರಿಗೆ ನಿಲ್ಲಿಸಿಕೊಂಡು, "ಮುಖ ನೋಡು, ಕೈ ನೋಡು, ಮಾತು ಕೇಳು. ಮೂರರಲ್ಲಿ ಒಂದು ಕೆಟ್ಟಿದ್ರೂ ಓಡು" ಎಂದು ಕಲಿಸಿದವರು. ಒಂದು ಬೇಸ್‌ಬಾಲ್ ಪಂದ್ಯದಲ್ಲಿ ಅಂಥವರ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ ಮನುಷ್ಯನಿಗೆ ಪಾರ್ಶ್ವವಾಯು ಹೊಡೆಯಿತು. ಎರಡು ಇನಿಂಗ್ಸ್ ಕಳೆಯುವವರೆಗೆ ವಿಲ್ಮಾ ಬಾಯಿ ಬಿಡಲಿಲ್ಲ. ಕಾಣಲಿಲ್ಲ ಎಂದಲ್ಲ. ಕಂಡಿತ್ತು. ಅವರ ಬಾಯಿಂದಲೇ ಅದನ್ನು ಕೇಳಿದ ದಿನ ನನ್ನ ಕೈಯಲ್ಲಿದ್ದ ಕಾಫಿ ಹಾಗೆಯೇ ಆರಿಹೋಯಿತು.

ಗಂಡ ಲೆನ್ ತೀರಿಕೊಂಡ ಮರುವರ್ಷ ವಿಲ್ಮಾ ಮನೆಯ ಮುಂದೆ ಒಂದು ಹಳೆಯ ಮೋಟರ್‌ಹೋಮ್ ಬಂದು ನಿಂತಿತು. ಒಳಗೆ ಒಲೆ, ಹಾಸಿಗೆ, ಕಕ್ಕಸು, ಎಲ್ಲವೂ ಇದ್ದವು. ಬೇಸಿಗೆ ಪೂರ್ತಿ ಒಬ್ಬರೇ ಅದನ್ನು ಓಡಿಸಿಕೊಂಡು ಬೇಸ್‌ಬಾಲ್ ಮೈದಾನದಿಂದ ಬೇಸ್‌ಬಾಲ್ ಮೈದಾನಕ್ಕೆ ಹೋಗುವುದು ಅವರ ಲೆಕ್ಕಾಚಾರ. "ಯಾಕ್ರೀ ಇಷ್ಟೆಲ್ಲ?" ಎಂದು ಕೇಳಿದ್ದೆ. "ಒಂದು ನೋ-ಹಿಟರ್ ನೋಡ್ಬೇಕು. ಸಾಯೋದ್ರೊಳಗೆ ಒಂದೇ ಒಂದು" ಎಂದರು.

ಒಂಬತ್ತು ಇನಿಂಗ್ಸೂ ಎದುರಾಳಿಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವ ಅವಕಾಶ, ಕೊಡದೆ ಎಸೆದರೆ ಅದು ನೋ-ಹಿಟರ್. ತೀರಾ ಅಪರೂಪ. ಅದು ಕೂಡಿಬರುತ್ತಿರುವಾಗ ಯಾರೂ ಅದರ ಹೆಸರೆತ್ತುವುದಿಲ್ಲ. ಕೂತ ಜಾಗ ಬದಲಿಸುವುದಿಲ್ಲ, ಕಾಲ ಮೇಲೆ ಹಾಕಿದ ಕಾಲನ್ನೂ ಇಳಿಸುವುದಿಲ್ಲ. ಹೆಸರೆತ್ತಿದರೆ ಮುರಿದುಬೀಳುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ.

ವಿಲ್ಮಾಗೆ ಅದು ಬರೀ ನಂಬಿಕೆಯಾಗಿರಲಿಲ್ಲ. ಚಿಕ್ಕವರಿದ್ದಾಗ ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನ ಜೊತೆ ಪಂದ್ಯಕ್ಕೆ ಹೋಗಿದ್ದರು. ಏಳನೇ ಇನಿಂಗ್ಸಿನಲ್ಲಿ, "ಅಪ್ಪಾ, ಅವರಿಗೆ ಇನ್ನೂ ಒಂದೂ ಹಿಟ್ ಸಿಕ್ಕಿಲ್ಲ ಅಲ್ವಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಮುಂದಿನ ಎಸೆತಕ್ಕೇ ಹಿಟ್ ಬಿತ್ತು. ಇಡೀ ಸಾಲು ಅವರತ್ತ ತಿರುಗಿ ನೋಡಿತು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಅಪ್ಪ ಹೇಳಿದ್ದು ಒಂದೇ ಮಾತು: "ಹೇಳಿಬಿಟ್ಟೆ ನೋಡು." ಆಮೇಲೆ ಎಷ್ಟೋ ಪಂದ್ಯ ನೋಡಿದರೂ ವಿಲ್ಮಾಗೆ ನೋ-ಹಿಟರ್ ದಕ್ಕಲಿಲ್ಲ. ಆ ಬಾಯಿಯ ಶಾಪ ಇನ್ನೂ ಇಳಿದಿಲ್ಲವೇನೋ ಎಂದು ನಗುತ್ತಲೇ ಹೇಳುತ್ತಿದ್ದರು. ಪೂರ್ತಿ ತಮಾಷೆಯಾಗಿರಲಿಲ್ಲ ಅದು.

ಅಯೋವಾದ ಫಾಕ್ಸ್ ಬೆಂಡ್ ಎಂಬ ಊರಿಗೆ ಅವರು ಹೋದದ್ದು ಜುಲೈ ತಿಂಗಳ ಒಂದು ಭಾನುವಾರ. ಊರಿನಲ್ಲಿ ಕೆಳಹಂತದ ವೃತ್ತಿಪರ ಲೀಗಿನ ಸಣ್ಣ ಮೈದಾನ, ಎದುರಿಗೆ ಮೆಕ್ಕೆಜೋಳದ ಹೊಲ. ಗಾಡಿ ನಿಲ್ಲಿಸಿ, ಸಾಸಿವೆ ಹಚ್ಚಿದ ಹಾಟ್‌ಡಾಗ್ ಹಿಡಿದು ತಮ್ಮ ಕುರ್ಚಿಗೆ ಬಂದರು. ಎಡಗಡೆಯ ಕುರ್ಚಿಯಲ್ಲಿ, ಬೆವರಿನಿಂದ ಬಿಳಿಚಿಕೊಂಡ ಟೋಪಿ ಹಾಕಿದ ಮುದುಕರೊಬ್ಬರು ಹುರಿದ ಕಡಲೇಕಾಯಿ ಸುಲಿಯುತ್ತಿದ್ದರು. ಹೆಸರು ಆರ್ವಿಲ್ ಹ್ಯಾಗನ್, ಶಾಲಾ ಬಸ್ಸಿನ ನಿವೃತ್ತ ಚಾಲಕ.

"ಒಹಾಯೋ ನಂಬರಿನ ಆ ಹಡಗು ನಿಮ್ಮದೇನ್ರೀ?"

"ಹೌದು. ಯಾಕೆ, ಅಡ್ಡ ನಿಲ್ಲಿಸಿದೀನಾ?"

"ಅಡ್ಡ ಏನು ಬಂತು, ಮೂರು ಕಾರಿನ ಜಾಗ ನುಂಗಿದೆ. ನಲವತ್ತು ಮಕ್ಕಳ ಬಸ್ಸನ್ನ ಅದರರ್ಧ ಜಾಗದಲ್ಲಿ ನಿಲ್ಲಿಸ್ತಿದ್ದೆ ನಾನು."

"ನಿಮ್ಮ ಬಸ್ಸಲ್ಲಿ ಕಕ್ಕಸಿತ್ತಾ?"

"ಇರ್ಲಿಲ್ಲ. ಮಕ್ಕಳು ಇದೆ ಅಂದ್ಕೊಂಡಿದ್ವು."

ವಿಲ್ಮಾ ನಗು ತಡೆಯಲಾರದೆ ಸಾಸಿವೆಯನ್ನು ಅಂಗಿಯ ಮೇಲೆ ಬೀಳಿಸಿಕೊಂಡರು. ಆ ಗಳಿಗೆಯಿಂದ ಅವರು ಆರ್ವಿಲ್ ಬಾಯಲ್ಲಿ 'ಒಹಾಯೋ' ಆದರು. "ಒಹಾಯೋ, ಕಡಲೇಕಾಯಿ ತಗೊಳ್ಳಿ." "ಒಹಾಯೋ, ಆ ಅಂಪೈರಿಗೆ ನಿಮ್ಮ ಕನ್ನಡಕ ಕೊಡಿ, ಪುಣ್ಯ ಬರುತ್ತೆ." ಐದು ಇನಿಂಗ್ಸ್ ಪೂರ್ತಿ ಆ ಬಾಯಿ ನಿಲ್ಲಲಿಲ್ಲ. ಊರಿನ ತಂಡಕ್ಕೆ ಎಸೆಯುತ್ತಿದ್ದವನು ಬೀಲ್ ಎಂಬ ಉದ್ದನೆಯ ಎಡಗೈ ಹುಡುಗ. ಐದನೆಯದರ ಕೊನೆಯ ಔಟ್ ಬಿದ್ದಾಗ ಆರ್ವಿಲ್, "ಇವನಮ್ಮ ನನ್ನ ಬಸ್ಸಲ್ಲೇ ಶಾಲೆಗೆ ಹೋದೋಳು" ಎಂದರು. ಆಮೇಲೆ ಮಾತು ನಿಂತಿತು.

ವಿಲ್ಮಾ ಸ್ಕೋರ್ ಫಲಕದತ್ತ ನೋಡಿದರು. ಎದುರಾಳಿಯ ಹಿಟ್‌ಗಳು: ಸೊನ್ನೆ. ಮುದುಕನಿಗೂ ಗೊತ್ತಾಗಿದೆ, ಅದಕ್ಕೇ ಸುಮ್ಮನಾಗಿದ್ದಾರೆ ಎಂದುಕೊಂಡರು. ಇಷ್ಟು ಹೊತ್ತು ವಟಗುಟ್ಟಿದ ಮನುಷ್ಯ ಸರಿಯಾದ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಂಡದ್ದು ಕಂಡು ಮೆಚ್ಚುಗೆಯೂ ಆಯಿತು.

ಆರನೇ ಇನಿಂಗ್ಸಿನಲ್ಲಿ ಆರ್ವಿಲ್ ಬಲಗೈಯಿಂದ ಕಡಲೇಕಾಯಿ ಪೊಟ್ಟಣ ಜಾರಿ ಬಿತ್ತು. ಅವರು ಬಗ್ಗಲಿಲ್ಲ. ಸರಿಯೇ, ಈಗ ಯಾರು ಅಲ್ಲಾಡುತ್ತಾರೆ? ಏಳನೆಯದರ ನಡುವೆ, ಪ್ರತಿ ಪಂದ್ಯದ ವಾಡಿಕೆಯಂತೆ, ಎಲ್ಲರೂ ಎದ್ದು ಹಾಡುವಾಗಲೂ ಅವರು ಏಳಲಿಲ್ಲ. ಬಲಗೈ ಎರಡು ಕುರ್ಚಿಗಳ ನಡುವೆ, ಒಗೆದು ನೇತುಹಾಕಿದ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು. ವಿಲ್ಮಾ ಅದನ್ನು ನೋಡಿದರು. ಕೈ ಅಲ್ಲಿರುವಾಗಲೇ ಆಟ ಕೂಡಿಬರುತ್ತಿದೆ, ಅದಕ್ಕೇ ಅಲ್ಲಾಡಿಸದೆ ಬಿಟ್ಟಿದ್ದಾರೆ ಎಂದುಕೊಂಡರು. ವಾರ್ಡಿನ ಮಂಚದ ಮೇಲೆ ಅದೇ ಕೈ ಕಂಡಿದ್ದರೆ ಎದ್ದು ಓಡುತ್ತಿದ್ದವರು ಇಲ್ಲಿ ತಮ್ಮ ಮೊಣಕೈಯನ್ನು ಹಗುರವಾಗಿ ಪಕ್ಕಕ್ಕೆ ಸರಿಸಿಕೊಂಡರು, ಅವರಿಗೆ ತೊಂದರೆಯಾಗದಿರಲಿ ಎಂದು.

ಎಂಟನೇ ಇನಿಂಗ್ಸಿನಲ್ಲಿ ಆರ್ವಿಲ್ ಟೋಪಿ ಜಾರಿ ವಿಲ್ಮಾ ಮಡಿಲಿಗೆ ಬಿತ್ತು. ಮುದುಕ ಕೈ ಚಾಚಲಿಲ್ಲ. ಬಿದ್ದ ಕಡಲೇಕಾಯಿಯನ್ನು ಬಿಡಬಹುದು. ನೋ-ಹಿಟರ್ ನಡುವೆ ತಲೆಯ ಟೋಪಿಯನ್ನು ಯಾವ ಬೇಸ್‌ಬಾಲ್ ಮನುಷ್ಯನೂ ಬಿಡುವುದಿಲ್ಲ. ವಿಲ್ಮಾ ಮೊದಲ ಬಾರಿಗೆ ಪೂರ್ತಿ ತಿರುಗಿ ಆ ಮುಖವನ್ನು ನೋಡಿದರು.

"ಆರ್ವಿಲ್, ಒಂಚೂರು ನಗಿ ನೋಡೋಣ."

ಎಡಗಡೆಯ ತುಟಿ ಮಾತ್ರ ಮೇಲೆದ್ದಿತು. ಬಲಗಡೆಯದು ಹಾಗೇ ಉಳಿಯಿತು.

ವಿಲ್ಮಾ ಎದ್ದು ನಿಂತು ಕೂಗಿದರು. "ಆಂಬುಲೆನ್ಸ್! ಯಾರಾದ್ರೂ ಆಂಬುಲೆನ್ಸ್ ಕರೀರಿ!"

"ಏ, ಕೂತ್ಕೋಮ್ಮಾ!" ಎಂದು ಹಿಂದಿನ ಸಾಲಿನಿಂದ ಒಬ್ಬ ಗದರಿದ. "ಏನು ನಡೀತಿದೆ ಗೊತ್ತಿಲ್ವಾ ನಿಂಗೆ?"

"ಗೊತ್ತು ಕಣಯ್ಯಾ! ನೋ-ಹಿಟರ್ ನಡೀತಿದೆ! ನೋ-ಹಿಟರ್! ಸಾಕಾ? ಈಗ ಫೋನ್ ಮಾಡು!"

ಆ ಪದ ಕೇಳಿ ನಾಲ್ಕೈದು ಸಾಲು ಒಟ್ಟಿಗೆ ನರಳಿತಂತೆ. ಆಮೇಲೆ ಆರ್ವಿಲ್ ಮುಖ ಕಂಡು ಅದೇ ಸಾಲುಗಳು ಒಟ್ಟಿಗೆ ಎದ್ದವು. ಗದರಿದವನೇ ಮುದುಕನ ತಲೆ ಹಿಡಿದುಕೊಂಡ. ಅಂಪೈರ್ ಆಟ ನಿಲ್ಲಿಸಿದ. ವಿಲ್ಮಾ ಟೋಪಿಯನ್ನು ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದರು.

ಆಸ್ಪತ್ರೆಯಲ್ಲಿ ತರುಣ ವೈದ್ಯೆ ಕೇಳಿದ್ದು ವಿಲ್ಮಾಗೆ ಬಾಯಿಪಾಠವಾಗಿದ್ದ ಪ್ರಶ್ನೆಯೇ. "ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?" ರಕ್ತದ ಹೆಪ್ಪು ಕರಗಿಸುವ ಔಷಧ ಕೊಡಬಹುದೇ ಇಲ್ಲವೇ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ. ಔಷಧ ತಡವಾದಷ್ಟೂ ಮಿದುಳು ಸಾಯುತ್ತ ಹೋಗುತ್ತದೆ.

"ಐದನೇ ಇನಿಂಗ್ಸ್ ಮುಗಿದಾಗ ಮಾತಾಡಿದ್ರು. ಆಮೇಲಿಲ್ಲ. ಒಂದು ಗಂಟೆ ಮೇಲಾಯ್ತು."

"ಒಂದು ಗಂಟೆನಾ? ಪಕ್ಕದಲ್ಲಿ ಯಾರೂ ಇರ್ಲಿಲ್ವಾ?"

"ನಾನಿದ್ದೆ" ಎಂದರು ವಿಲ್ಮಾ. "ನಾನು ನರ್ಸ್."

ವೈದ್ಯೆ ಅವರನ್ನೊಮ್ಮೆ ನೋಡಿ ಒಳಗೆ ಓಡಿದಳು. ಬೈದಿದ್ದರೆ ವಾಸಿಯಿತ್ತು ಎಂದು ವಿಲ್ಮಾ ನನಗೆ ಎರಡು ಸಲ ಹೇಳಿದರು.

ಔಷಧ ಕೊಡಲು ಸಮಯವಿತ್ತು, ಕೊಟ್ಟರು. ಆದರೆ ಎಷ್ಟು ಮರಳುತ್ತದೆ ಎಂದು ಯಾರೂ ಹೇಳಲಿಲ್ಲ. ಮೈದಾನ ಖಾಲಿಯಾದ ಮೇಲೆ ವಿಲ್ಮಾ ಗಾಡಿ ತಂದು, ಆಸ್ಪತ್ರೆಯ ಅಂಗಳದಲ್ಲೇ ನಿಲ್ಲಿಸಿಕೊಂಡು ಉಳಿದರು. ಪಂದ್ಯದ ಸುದ್ದಿ ಕಿವಿಗೆ ಬೀಳದಿರಲಿ ಎಂದು ರೇಡಿಯೋ ಹಾಕಲಿಲ್ಲ, ಯಾರನ್ನೂ ಕೇಳಲಿಲ್ಲ. ತಾನು ಆ ಹೆಸರು ಕೂಗಿದ್ದೂ ಆಯಿತು, ಹುಡುಗನ ಆಟ ಕೆಟ್ಟದ್ದೂ ಆಗಿರುತ್ತದೆ ಎಂಬುದು ಅವರಿಗೆ ಖಚಿತವಾಗಿತ್ತು.

ಆರ್ವಿಲ್‌ಗೆ ಮಾತು ತುಂಡುತುಂಡಾಗಿ ಮರಳತೊಡಗಿದ ದಿನ ವಿಲ್ಮಾ ಒಳಗೆ ಹೋದರು. ಒಮಾಹಾದಿಂದ ಬಂದಿದ್ದ ಮಗಳು ಜೋಲೀನ್ ಮಂಚದ ಪಕ್ಕದಲ್ಲಿದ್ದಳು. ವಿಲ್ಮಾ ಕೂರಲಿಲ್ಲ.

"ಆರ್ವಿಲ್, ನಿಮ್ಮ ಕೈ ಜೋತುಬಿದ್ದಿದ್ದು ನಾನು ನೋಡಿದ್ದೆ. ಏಳನೇದ್ರಲ್ಲೇ ನೋಡಿದ್ದೆ. ನೋ-ಹಿಟರ್ ಅಂತ ಸುಮ್ನಿದ್ದೀರಿ ಅಂದ್ಕೊಂಡು ನಾನೂ ಸುಮ್ನಿದ್ದೆ."

ಮುದುಕನ ತುಟಿ ಪದ ಹುಡುಕುತ್ತಿತ್ತು.

"ಹೌದು" ಎಂದರು. "ಅದಕ್ಕೇ... ಸುಮ್ನಿದ್ದೆ."

"ಏನು?"

"ಕೈ... ಜೋಮು. ಆರನೇದ್ರಲ್ಲೇ... ಗೊತ್ತಾಯ್ತು. ಹೇಳೋಣ ಅಂದ್ಕೊಂಡೆ. ಆಟ ಕೆಡುತ್ತೆ... ಅಂತ. ಆಮೇಲೆ ಹೇಳೋಕೆ ಹೋದ್ರೆ... ಮಾತೇ ಇಲ್ಲ."

ಜೋಲೀನ್ ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟಳು. "ಅಪ್ಪಾ," ಎಂದಳು. "ಒಂದು ಆಟಕ್ಕೋಸ್ಕರನಾ?"

"ನೋ-ಹಿಟರ್ ಕಣೇ" ಎಂದರು ಆರ್ವಿಲ್, ಒಂದೇ ಉಸಿರಿಗೆ, ಒಂದಕ್ಷರವೂ ತಪ್ಪದೆ.

ಜೋಲೀನ್ ಇಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿದಳು. "ನಿಮಗೆ ಯಾರೂ ಹೇಳಿಲ್ವಾ? ಆ ಹುಡುಗ ಮುಗಿಸಿದ. ಆಂಬುಲೆನ್ಸ್ ಹೋದ್ಮೇಲೆ ಮತ್ತೆ ಆಟ ಶುರುವಾಯ್ತಂತೆ. ಕೊನೇವರೆಗೂ ಒಂದೂ ಹಿಟ್ ಬೀಳ್ಲಿಲ್ಲ."

ವಿಲ್ಮಾ ಕುರ್ಚಿ ಎಳೆದುಕೊಂಡು ಕೂತರು. ಇಡೀ ಮೈದಾನಕ್ಕೆ ಕೇಳುವಂತೆ ಅವರು ಹೆಸರು ಕೂಗಿದ್ದರು, ಒಂದಲ್ಲ, ಎರಡು ಸಲ. ಏನೂ ಆಗಿರಲಿಲ್ಲ. ಹಾಗಾದರೆ ಅಂದು ಕಾರಿನಲ್ಲಿ ಅಪ್ಪ ಹೇಳಿದ್ದು? ಹಾಗಾದರೆ ಇಷ್ಟು ವರ್ಷ? ಹಾಗಾದರೆ ಈ ಕೈ? ಹೊದಿಕೆಯ ಮೇಲೆ ಮಲಗಿದ್ದ ಆ ಬಲಗೈಯನ್ನು ಹಿಡಿದುಕೊಂಡರು. ಅದು ತಿರುಗಿ ಹಿಡಿಯಲಿಲ್ಲ. ಆರ್ವಿಲ್ ಎಡಗೈ ಚಾಚಿ ಟೋಪಿ ಕೇಳಿದರು.

ಆ ಬಲಗೈ ಇವತ್ತಿಗೂ ಪೂರ್ತಿ ಮರಳಿಲ್ಲ. ಕಡಲೇಕಾಯಿ ಸುಲಿಯಲು ಆಗುವುದಿಲ್ಲ. ಬಾಯಿ ಮಾತ್ರ ಮೊದಲಿನಂತೆಯೇ ಆಗಿದೆ. ಭಾನುವಾರ ಫೋನಿನಲ್ಲಿ "ಒಹಾಯೋ!" ಎಂದು ಕೂಗುವುದು ನಮ್ಮ ಅಂಗಳಕ್ಕೂ ಕೇಳುತ್ತದೆ.

ಈ ವರ್ಷದ ಮೊದಲ ಪಂದ್ಯಕ್ಕೆ, ನಮ್ಮೂರ ಮೈದಾನಕ್ಕೆ, ವಿಲ್ಮಾ ಜೊತೆ ನಾನೂ ಹೋಗಿದ್ದೆ. ಐದನೇ ಇನಿಂಗ್ಸ್ ಮುಗಿಯಿತು. ಫಲಕದ ಮೇಲೆ ಸೊನ್ನೆ. ಸುತ್ತ ಎಲ್ಲರೂ ಕಲ್ಲಿನಂತೆ ಕೂತರು; ನಾನೂ ಕೂತೆ. ವಿಲ್ಮಾ ನನ್ನ ಭುಜ ತಿವಿದರು.

"ಎರಡೂ ಕೈ ಎತ್ತು."

"ವಿಲ್ಮಾ, ಈಗ ಬೇಡ..."

"ಎತ್ತು ಅಂದೆ. ಹೂಂ. ಈಗ ನಗು. ಸರಿ, ಏನಾದ್ರೂ ಮಾತಾಡು."

"ಏನು ಮಾತಾಡ್ಲಿ?" ಎಂದು ಪಿಸುಗುಟ್ಟಿದೆ.

"ನೋ-ಹಿಟರ್ ಅನ್ನು. ಗಟ್ಟಿಯಾಗಿ."

ಮುಂದಿನ ಸಾಲು ಇಡೀ ತಿರುಗಿ ನಮ್ಮನ್ನು ನುಂಗುವಂತೆ ನೋಡಿತು. ವಿಲ್ಮಾ ಅವರಲ್ಲಿ ಒಬ್ಬೊಬ್ಬರ ಮುಖವನ್ನೂ, ತುಟಿಯ ಎರಡೂ ಅಂಚನ್ನೂ ನಿಧಾನವಾಗಿ ನೋಡುತ್ತ ಹೋದರು.