ಬಿಸಿಗಾಳಿಯ ಕಿಂಡಿ

ಚಪ್ಪಲಿ ಕಾರ್ಖಾನೆಯಲ್ಲಿ ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟವರು ಹೊಲಿಗೆ ವಿಭಾಗದ ಹೆಂಗಸರು. ಅವನೇನೂ ಸಿಡುಕನಲ್ಲ. ಆದರೆ 'ಊಟ ಆಯ್ತಾ' ಎಂದು ಕೇಳಿದರೂ ಎದುರಿಗಿದ್ದವರು ಬೆಚ್ಚಿಬೀಳುತ್ತಿದ್ದರು. ಮೀಸೆ ಚಿಗುರುವ ವಯಸ್ಸಿಗೇ ಕಂಪ್ರೆಸರ್ ಕೋಣೆ ಸೇರಿದವನು. ಅಲ್ಲಿ ಎರಡು ದಪ್ಪ ಸ್ಕ್ರೂಗಳು ಎಣ್ಣೆಯಲ್ಲಿ ಮಿಂದು, ಒಂದರೊಳಗೊಂದು ಹೆಣೆದುಕೊಂಡು ತಿರುಗುತ್ತ, ಗಾಳಿಯನ್ನು ಹಿಂಡಿ ಪೈಪಿಗೆ ತುಂಬುತ್ತಿದ್ದವು. ಅಟ್ಟೆ ಒತ್ತುವ ಪ್ರೆಸ್ಸು, ಗೋಂದು ಸಿಂಪಡಿಸುವ ಗನ್ನು, ಎಲ್ಲವೂ ನಡೆಯುವುದು ಆ ಗಾಳಿಯಿಂದಲೇ. ಯಂತ್ರದ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವನ ದನಿ ಏರಿತು. ಕಿವಿ ಮೆಲ್ಲಮೆಲ್ಲಗೆ ಮಂದವಾಯಿತು.

ಮದುವೆಯ ಮಾತು ಬರದೇ ಇರಲಿಲ್ಲ. ಅಕ್ಕ ಒಂದು ಸಂಬಂಧ ನೋಡಿದ್ದಳು. ಹುಡುಗಿಯ ಮನೆಯಲ್ಲಿ ಇವನು ತನ್ನ ಮಟ್ಟಿಗೆ ಮೆತ್ತಗೇ ಅವಳ ಹೆಸರು ಕೇಳಿದ. ಒಳಕೋಣೆಯಲ್ಲಿ ಮಲಗಿದ್ದ ಮಗು ಎದ್ದು ಕಿಟಾರನೆ ಕಿರುಚಿಕೊಂಡಿತು. 'ಈಗಲೇ ಹಿಂಗೆ ಗದರಿಸ್ತಾರೆ, ಆಮೇಲೆ ಹೆಂಗೋ' ಎಂದು ಹುಡುಗಿಯ ಅಜ್ಜಿ ಹೇಳಿಕಳಿಸಿದಳು. ಅಕ್ಕ ಇದನ್ನು ಹೇಳಿ ಹೇಳಿ ನಗುತ್ತಿದ್ದಳು, ಅವನೂ ಜೊತೆಗೆ ನಗುತ್ತಿದ್ದ. ಆದರೆ ಅಲ್ಲಿಂದಾಚೆಗೆ ಅವನ ಮಾತೇ ಕಡಿಮೆಯಾಯಿತು. ಅಕ್ಕ ತೀರಿಕೊಂಡ ಮೇಲಂತೂ ತನ್ನ ಬಾಡಿಗೆ ಕೋಣೆಯಲ್ಲಿ ಅವನು ಬಾಯಿ ತೆರೆಯುತ್ತಿದ್ದುದು ಉಣ್ಣಲಿಕ್ಕೆ ಮತ್ತು ಆಕಳಿಸಲಿಕ್ಕೆ ಮಾತ್ರ.

ಒಂದು ಚಳಿಗಾಲದಲ್ಲಿ ದೊಡ್ಡ ಕಂಪ್ರೆಸರ್ ಹಟ ಹಿಡಿಯಿತು. ಬೆಳಗ್ಗೆಯೆಲ್ಲ ಚೆನ್ನಾಗಿ ನಡೆದು, ಮಧ್ಯಾಹ್ನದ ಹೊತ್ತಿಗೆ ಬಿಸಿ ಏರಿ ತಾನಾಗಿಯೇ ನಿಂತುಬಿಡುವುದು. ಗುಡುಗಪ್ಪ ಎಣ್ಣೆಯ ಮಟ್ಟ ನೋಡಿದ, ಸರಿಯಾಗಿತ್ತು. ಎಣ್ಣೆ ಫಿಲ್ಟರ್ ಬದಲಿಸಿದ. ಬಿಸಿ ಎಣ್ಣೆಯನ್ನು ತಣಿಸುವ ಕೂಲರಿನ ಸಂದುಗಳಲ್ಲಿ ಕೂತ ಧೂಳನ್ನು ಊದಿ ತೆಗೆದ. ಕಂಪನಿಯ ಸರ್ವಿಸ್‌ನವನು ಬಂದು ಎಣ್ಣೆಯನ್ನು ಕೂಲರಿಗೆ ತಿರುಗಿಸುವ ವಾಲ್ವನ್ನೂ ಹೊಸದು ಹಾಕಿ ಹೋದ. ಮಾರನೆಯ ದಿನವೂ ಅದೇ ಕಥೆ.

"ಏನ್ರೀ ಇದು, ದಿನಾ ಇದೇ ಗೋಳು! ಪ್ರೆಸ್ಸಿನೋರೆಲ್ಲ ಕೈಕಟ್ಟಿ ಕೂತಿದ್ದಾರೆ," ಎಂದು ಮೇಲ್ವಿಚಾರಕ ಬಂದು ಕೂಗಾಡಿದ. ಗುಡುಗಪ್ಪನಿಗೆ ಅರ್ಧ ಕೇಳಿಸಿತು, ಉಳಿದರ್ಧ ಮುಖ ನೋಡಿಯೇ ಗೊತ್ತಾಯಿತು.

ಅಂದು ಮತ್ತೆ ಬಿಸಿ ಏರತೊಡಗಿದಾಗ ಅವನು ಗೋಡೆಯ ಬಳಿ ಹೋಗಿ ನಿಂತ. ಕೂಲರಿನ ಬಿಸಿಗಾಳಿ ತಗಡಿನ ಕೊಳವೆಯೊಳಗೆ ಹಾದು, ಗೋಡೆಯ ಕಿಂಡಿಯಿಂದ ಹೊರಗೆ ಹೋಗಬೇಕು. ಕೊಳವೆ ಮುಟ್ಟಿದರೆ ಕೈ ಚುರ್ರೆಂದಿತು. ಗಾಳಿ ಹೊರಗೇ ಹೋಗುತ್ತಿಲ್ಲ! ಕೋಣೆಯ ಹಿಂದೆ, ಕಾಂಪೌಂಡಿಗೂ ಗೋಡೆಗೂ ನಡುವೆ ಒಂದು ಕಿರಿದಾದ ಸಂದಿ. ಮುರುಕು ಪೆಟ್ಟಿಗೆಗಳು, ಕೆಟ್ಟ ಅಟ್ಟೆಗಳ ರಾಶಿ. ಯಾರೂ ಅತ್ತ ಕಾಲಿಡುತ್ತಿರಲಿಲ್ಲ. ಅವನು ಅವನ್ನೆಲ್ಲ ದಾಟಿಕೊಂಡು ಹೋಗಿ ನೋಡಿದರೆ, ಕಿಂಡಿಗೆ ಅಡ್ಡವಾಗಿ ಒಂದು ಒದ್ದೆ ದುಪ್ಪಟಿ, ಅದರ ಮೇಲೊಂದು ಹಾಸುಬಟ್ಟೆ ನೇತಾಡುತ್ತಿವೆ. ಪಕ್ಕದಲ್ಲಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹೆಂಗಸು ಕುಕ್ಕರುಗಾಲಲ್ಲಿ ಕೂತು ಬುತ್ತಿ ಬಿಚ್ಚಿಕೊಂಡಿದ್ದಾಳೆ.

"ಇಲ್ಲಿ ಬೇಡಮ್ಮಾ, ಈಚೆಗೆ ಹಾಕ್ಕೊಳ್ಳಿ!" ಎಂದ. ಹೇಳಬೇಕೆಂದಿದ್ದುದು ಅಷ್ಟೇ. ಆದರೆ ಆ ಸಂದಿಯಲ್ಲಿ ಅದು ಸಿಡಿಲಿನಂತೆ ಬಡಿಯಿತು. ಹೆಂಗಸಿನ ಕೈಯಿಂದ ತುತ್ತು ಬಿತ್ತು. ಬಟ್ಟೆಗಳನ್ನು ಬಾಚಿ ಎದೆಗವಚಿಕೊಂಡು, "ತಪ್ಪಾಯ್ತು ಸ್ವಾಮಿ, ಸಾಹೇಬ್ರಿಗೆ ಹೇಳ್ಬೇಡಿ," ಎನ್ನುತ್ತ ಓಡಿಹೋದಳು. ಬುತ್ತಿಯ ಡಬ್ಬಿ ಅಲ್ಲೇ ಉಳಿಯಿತು.

ಯಂತ್ರ ಆ ಮಧ್ಯಾಹ್ನದಿಂದಲೇ ಸರಿಹೋಯಿತು. "ಏನಾಗಿತ್ತು?" ಎಂದು ಮೇಲ್ವಿಚಾರಕ ಕೇಳಿದಾಗ, "ಗಾಳಿ ಆಡ್ತಿರ್ಲಿಲ್ಲ," ಎಂದಷ್ಟೇ ಹೇಳಿದ. ಗುಡುಗಪ್ಪ ಮತ್ತೆ ಆ ಸಂದಿಗೆ ಹೋದ. ಅವಳು ಅರ್ಧ ಉಂಡು ಬಿಟ್ಟ ಡಬ್ಬಿಯನ್ನು ತೊಳೆದಿಟ್ಟ. ಕಿಂಡಿಯಿಂದ ಮಾರು ದೂರದಲ್ಲಿ, ಬಿಸಿಗಾಳಿ ತಾಗುವಂತೆ, ಆದರೆ ಅದಕ್ಕೆ ಅಡ್ಡಬಾರದಂತೆ, ಒಂದು ಹಗ್ಗ ಬಿಗಿದ. ಆಮೇಲೆ ಕ್ಯಾಂಟೀನಿಗೆ ಹೋಗಿ, ಡಬ್ಬಿ ಕೊಟ್ಟು, ಬಗ್ಗಿ ಅವಳಿಗೊಬ್ಬಳಿಗೇ ಕೇಳುವಂತೆ ಪಿಸುಗುಟ್ಟಿದ: "ಹಿಂದೆ ಹಗ್ಗ ಕಟ್ಟಿದ್ದೀನಿ. ಬಟ್ಟೆ ಒಣಗಿಸ್ಕೊಳ್ಳಿ."

ಪಿಸುಮಾತು ಕ್ಯಾಂಟೀನಿನ ಆ ತುದಿಯವರೆಗೂ ಹೋಯಿತು. "ಗುಡುಗಪ್ಪಾ, ನಮ್ಮ ಬಟ್ಟೇನೂ ತರೋಣ್ವಾ?" ಎಂದು ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ತಲೆ ತಗ್ಗಿಸಿಕೊಂಡು ಹೊರಬಂದ.

ಎರಡು ದಿನ ಬಿಟ್ಟು ಹಗ್ಗದ ಮೇಲೆ ದುಪ್ಪಟಿ ಕಾಣಿಸಿತು.

ಹೀಗೆ ಅವಳು ಬರತೊಡಗಿದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಅತ್ತೆ ಹಾಸಿಗೆ ಹಿಡಿದಿದ್ದಳು. ದಿನವೂ ಹಾಸುಬಟ್ಟೆ ಒಗೆಯಬೇಕು, ಇದ್ದ ಒಂಟಿ ಕೋಣೆಗೆ ಬಿಸಿಲಿನ ಸುಳಿವಿಲ್ಲ, ಮನೆಯೊಡತಿ ತಾರಸಿಗೆ ಬಿಡುವುದಿಲ್ಲ. ಇಷ್ಟನ್ನು ಅವನು ತಿಳಿದುಕೊಳ್ಳಲು ಹಲವು ದಿನ ಬೇಕಾಯಿತು. ಕೇಳಿಸದಿದ್ದಾಗ ಅವಳು ಬೇಸರಿಸದೆ, ಎದುರಿಗೆ ಬಂದು ತುಟಿ ಬಿಡಿಸಿ ಇನ್ನೊಮ್ಮೆ ಹೇಳುತ್ತಿದ್ದಳು. ಅವನ ದನಿ ಏರಿದರೆ ಅಂಗೈಯನ್ನು ಕೆಳಕ್ಕೆ ಒತ್ತಿ ತೋರಿಸಿ, "ಮೆಲ್ಲಗೆ ಅಣ್ಣಾ, ನಾನೇನು ಪಕ್ಕದೂರಲ್ಲಿದ್ದೀನಾ?" ಎನ್ನುವಳು. ಅಣ್ಣಾ ಎಂದು ಕರೆಸಿಕೊಂಡು ಅವನಿಗೆ ಅಭ್ಯಾಸವೇ ಇರಲಿಲ್ಲ. ಮಧ್ಯಾಹ್ನ ಸಂದಿಯಲ್ಲಿ ಅವಳೊಂದಿಗೆ ಊಟಕ್ಕೆ ಕೂರುವ ಮುಂಚೆ ಕೈಯ ಎಣ್ಣೆಯನ್ನು ಎರಡೆರಡು ಸಲ ಉಜ್ಜಿ ತೊಳೆಯತೊಡಗಿದ.

ಚಳಿ ಕಳೆದು ಸೆಖೆ ಶುರುವಾಗುವ ಹೊತ್ತಿಗೆ ಅತ್ತೆ ತೀರಿಕೊಂಡಳು. ವಾರ ಬಿಟ್ಟು ಅವಳು ಬಂದಳು, ಬರಿಗೈಯಲ್ಲಿ.

"ಇನ್ನು ಒಗೆಯೋಕೆ ಏನೂ ಇಲ್ಲ ಅಣ್ಣಾ," ಎಂದಳು. "ತಮ್ಮ ಊರಿಗೆ ಬಾ ಅಂತಿದ್ದಾನೆ. ಹೋಗ್ತೀನಿ."

ಇಲ್ಲೇ ಇರಿ ಎನ್ನಲು ಅವನಿಗೆ ಯಾವ ಹಕ್ಕೂ ಇರಲಿಲ್ಲ, ನೆಪವೂ ಇರಲಿಲ್ಲ. "ಹುಷಾರು," ಎಂದ. ಈ ಸಲ ದನಿ ಎಷ್ಟು ತಗ್ಗಿತ್ತೆಂದರೆ, "ಏನಂದ್ರಿ?" ಎಂದು ಅವಳೇ ಕೇಳಬೇಕಾಯಿತು.

ಕೆಲವು ತಿಂಗಳ ಮೇಲೆ ಗೇಟಿನ ಕಾವಲುಗಾರ ಬಂದು, "ನಿಮಗೆ ಫೋನು, ಯಾರೋ ಹೆಂಗಸು," ಎಂದು ಕೈಸನ್ನೆ ಮಾಡಿದ. ಗುಡುಗಪ್ಪ ಹೆಚ್ಚುಕಡಿಮೆ ಓಡಿಕೊಂಡೇ ಹೋದ. ಫೋನು ಕಿವಿಗೊತ್ತಿದರೆ ಕೇಳಿಸಿದ್ದು ಬರೀ ಗೊರಗೊರ ಸದ್ದು. ಆ ಕಿವಿ ಬಿಟ್ಟು ಈ ಕಿವಿಗಿಟ್ಟ. 'ಅಣ್ಣಾ' ಎಂಬುದೊಂದು ಕೇಳಿದಂತಾಯಿತು. ಮಿಕ್ಕ ಒಂದು ಮಾತೂ ಬಿಡಿಸಿ ಕೇಳಿಸಲಿಲ್ಲ. ಎದುರಿಗೆ ತುಟಿಯೂ ಇಲ್ಲ ನೋಡಿಕೊಳ್ಳಲು. ಇನ್ನೊಮ್ಮೆ ಹೇಳಿ ಎಂದರೆ ಫೋನಿಟ್ಟುಬಿಟ್ಟಾಳೆಂಬ ಹೆದರಿಕೆಗೆ, ಸದ್ದು ನಿಂತಾಗಲೆಲ್ಲ "ಹೂಂ" ಎಂದ. "ಹೂಂ, ಹೌದಾ? ಹೂಂ." ಕೊನೆಗೆ ಆ ಕಡೆ ಏನೂ ಇಲ್ಲದಾಯಿತು.

"ಏನಂತೆ?" ಎಂದ ಕಾವಲುಗಾರ.

"ಚೆನ್ನಾಗಿದ್ದಾಳಂತೆ," ಎಂದು ಫೋನನ್ನು ಕೆಳಗಿಟ್ಟ. ಹಿಂಡಿದ ಗಾಳಿಯಿಂದ ಇಳಿದು ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ಹೊರಬಿಡುವ ಹೊತ್ತಾಗಿತ್ತು. ಅವನು ಅಂಗಳ ದಾಟಿ ಕೋಣೆಯತ್ತ ನಡೆದ.